ನಿಂತಲ್ಲೇ ಕುಂಟುವ ಕಾರು

ಬಂಪರ್ ನನ್ನ ಮೊಣಕಾಲಿಗೆ ತಾಗಿತ್ತು.

ಬೆನ್ನಿಗೆ ಗೋಡೆ. ಎಡಕ್ಕೆ ಹಳೆ ಟೈರುಗಳ ರಾಶಿ. ಬಲಕ್ಕೆ ಸರಪಳಿ ಜಗ್ಗುತ್ತಿದ್ದ ಮುಧೋಳ ನಾಯಿ... ಮೈಯಲ್ಲಿ ಮಾಂಸವಿಲ್ಲ, ಬಾಯಲ್ಲಿ ಮಾತ್ರ ಹಲ್ಲು, ಕಣ್ಣು ನನ್ನ ತೊಡೆಯ ಮೇಲೆ! ಎದುರಿಗೆ ಬಿಳಿ ಕಾರು. ಸ್ಟೇರಿಂಗಿನ ಹಿಂದೆ ರಾಹುಲ.

ನನ್ನ ಕೈಯಲ್ಲಿ ಎಣ್ಣೆ ಮೆತ್ತಿದ ಪೇಪರಿನಲ್ಲಿ ಸುತ್ತಿದ ಒಂದು ಕಬ್ಬಿಣದ ಸರಳು. ಒಂದೂವರೆ ಅಡಿ ಉದ್ದ.

ಅದಕ್ಕಾಗಿಯೇ ಇಷ್ಟೆಲ್ಲ.

"ಕೆಳಗ ಇಡಲೇ ಅದನ್ನ, ಭೀಮಶಿ!"

"ಯಾಕ? ನೆಲ ಹೊಲಸ ಐತಿ."

"ಎರಡೂ ಮೊಣಕಾಲ ಪುಡಿ ಮಾಡ್ತೀನಿ ನೋಡ!"

"ಒಂದರ ಬಿಡೋ. ನಿನ್ನ ಒದೀಲಿಕ್ಕೆ ಬೇಕಾಕ್ಕೈತಿ."

ರಾಹುಲನ ಮುಖ ಕೆಂಪಾಯಿತು. ಎಂಜಿನ್ ಚಾಲೂ ಇತ್ತು. ಗಾಡಿ ನಿಂತಲ್ಲೇ ನಡುಗುತ್ತಿತ್ತು.

ಲಬ್... ಲಬ್-ಲಬ್... ... ಲಬ್... ಲಬ್-ಲಬ್...

ಒಂದೊಂದು ಬಡಿತವೂ ಬಂಪರಿನಿಂದ ಇಳಿದು ನನ್ನ ಮೊಣಕಾಲಿನ ಚಿಪ್ಪಿಗೆ ಬಡಿಯುತ್ತಿತ್ತು.

ನಾನು ಯಾರೆಂದು ಗೊತ್ತಿಲ್ಲದವರು ಈ ಕಡೆ ಇಬ್ಬರೇ ಇದ್ದಾರೆ. ಒಬ್ಬ ನಿನ್ನೆ ಹುಟ್ಟಿದವನು, ಇನ್ನೊಬ್ಬ ನಾಳೆ ಹುಟ್ಟುವವನು. ಜಮಖಂಡಿಯಲ್ಲಿ ಹದಿನೆಂಟು ವರ್ಷ ಮೆಕ್ಯಾನಿಕ್. ಈಗ ಗಾಡಿ ಹುಡುಕುವುದು ನನ್ನ ಕಸುಬು. ಕಳುವಾದ ಗಾಡಿ, ಬಣ್ಣ ಬದಲಿಸಿದ ಗಾಡಿ, ಗುದ್ದಿ ಓಡಿಹೋದ ಗಾಡಿ. ಪೊಲೀಸರು ನಂಬರ್ ಪ್ಲೇಟ್ ಓದುತ್ತಾರೆ. ನಾನು ಎದೆಬಡಿತ ಕೇಳುತ್ತೇನೆ. ಹೀಗೆ ನಾಲ್ಕು ನೂರು ಗಾಡಿ ಹಿಡಿದಿದ್ದೇನೆ.

ಸರಿ... ನಲವತ್ತು. ನೀವೇನು ಎಣಿಸಲು ಬಂದಿದ್ದಿರಾ?

ಬಾಗಿಲಲ್ಲಿ ಮಾಳು ನಿಂತಿದ್ದ, ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ದೊಡ್ಡ ವೀಲ್ ಪಾನಾ. ಮುಧೋಳದ ಹೊರಗಿನ ಈ ಗ್ಯಾರೇಜು ಅವನದು. ನಾಯಿಯೂ ಅವನದು. ಚಿಂತೆ ಮಾತ್ರ ಬೇರೆಯದು.

"ರಾಹುಲಣ್ಣಾ, ಹಗೂರ್ಕ ರೀ! ಗ್ವಾಡಿ ಮೊನ್ನೆ ಕಟ್ಟಿಸೀನಿ!"

"ಬಾಯಿ ಮುಚ್ಚಲೇ!"

ನಾನು ರಾಹುಲನ ಕಾಲಿನ ಕಡೆ ನೋಡಿದೆ. ಮಧ್ಯಾಹ್ನ ಎರಡು ಗಂಟೆ. ಹೊರಗೆ ರಸ್ತೆ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಜನ. ಇವನಿಗೆ ನನ್ನನ್ನು ಕೊಲ್ಲುವ ಧೈರ್ಯವಿಲ್ಲ. ಮುರಿಯುವ ಆಸೆ ಇದೆ.

ಆಸೆ ಇದ್ದವನಿಗೆ ಸಲಹೆ ಕೊಡಬೇಕು!

"ರಾಹುಲಾ, ಒಂದ ಮಾತ ಕೇಳು. ಆಕ್ಸಿಲರೇಟರ್ ಒತ್ತಿದಿ ಅಂದ್ರ ನಾ ಸಾಯ್ತೀನಿ. ಖೂನಿ ಕೇಸ್ ಆಕ್ಕೈತಿ. ಕಾಲ ಮುರಿಯಾಕ ಅಷ್ಟ ಬ್ಯಾಡ. ಬರೇ ಕ್ಲಚ್ ಬಿಡು. ಹಗೂರ್ಕ."

"ನನಗ ಕಲಸ್ತೀಯೇನ?"

"ಬರೂದಿಲ್ಲಂದ್ರ ಕಲಸ್ಬೇಕಾಗ್ತೈತಿ."

ಗೇರ್ ಬಿದ್ದ ಸದ್ದು. ಅವನು ಕ್ಲಚ್ ಬಿಟ್ಟ. ಹಗೂರ್ಕ.

ನಿಮ್ಮ ಮನೆಯ ಕಾರಾಗಿದ್ದರೆ ಇಷ್ಟೊತ್ತಿಗೆ ಮುಂದೆ ತೆವಳಿ ನನ್ನನ್ನು ಗೋಡೆಗೆ ಅಂಟಿಸುತ್ತಿತ್ತು. ಈ ಕಾರು ಹಾಗಲ್ಲ. ಕೆಳಗಿನ ಸ್ಪೀಡಿನಲ್ಲಿ ಇದರ ಎಂಜಿನ್ನಿಗೆ ಇರುವೆ ತುಳಿಯುವ ಬಲವೂ ಇಲ್ಲ. ಲಬ್... ಲಬ್... ಖಡ್!

ಬಂದ್.

ನಾನು ಬಾನೆಟ್ ಮೇಲಿದ್ದೆ. ಮರುಕ್ಷಣ ಟಾಪ್ ಮೇಲೆ. ಮರುಕ್ಷಣ ಮಾಳುವಿನ ಮೇಲೆ! ಪಾನಾ ಗಾಳಿ ಸೀಳಿಕೊಂಡು ಕಿವಿಯ ಪಕ್ಕದಲ್ಲಿ ಹೋಯಿತು. ಅವನ ಹೊಟ್ಟೆಗೆ ಒಂದು ಮೊಣಕೈ... ಕೂತುಬಿಟ್ಟ. ಹೊರಗೆ ನನ್ನ ಬೈಕು. ಒಂದೇ ಕಿಕ್!

ಸರಿ, ಮೂರು ಕಿಕ್.

ಹಿಂದೆ ಸೆಲ್ಫ್ ಹೊಡೆಯುವ ಸದ್ದು. ಕಿರ್ರ್... ಕಿರ್ರ್... ಬೈಗುಳ... ಕಿರ್ರ್... ಆಮೇಲೆ ಗರ್ಜನೆ!

ಕೂತಲ್ಲಿಂದಲೇ ಮಾಳು ನಾಯಿಯನ್ನು ಬಿಟ್ಟಿದ್ದ. ಎರಡು ಕಿಲೋಮೀಟರ್ ಅದು ನನ್ನ ಪಕ್ಕದಲ್ಲೇ ಓಡಿತು. ಒಮ್ಮೆ ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಇವನು ಹಿಡಿಯುವಷ್ಟು ದೊಡ್ಡವನಲ್ಲ ಎಂಬಂತೆ ವಾಪಸ್ ಹೊರಟುಹೋಯಿತು. ಆ ಅವಮಾನ ಇವತ್ತಿಗೂ ಉಳಿದಿದೆ.

ಈಗ ಕೇಳಿ. ಬೈಕು ಓಡುತ್ತಿರಲಿ. ಇಲ್ಲಿಗೆ ಹೇಗೆ ಬಂದೆ ಹೇಳಿಬಿಡುತ್ತೇನೆ.

ನಾಲ್ಕು ದಿನದ ಹಿಂದೆ ಹೊಳೆವ್ವ ನನ್ನ ಮನೆ ಬಾಗಿಲಿಗೆ ಬಂದಳು. ಅನಗವಾಡಿಯವಳು. ಕುರಿ ಕಾಯುವ ಮನೆತನ. ಕೈಯಲ್ಲಿ ಕೋಲು, ಕಣ್ಣಲ್ಲಿ ಬೆಂಕಿ. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ನನ್ನ ಮಗನ್ನ ಹೊರಗ ತಗೀತೀಯೇನ?"

"ಯಾರ್ರೀ ನಿಮ್ಮ ಮಗಾ?"

"ಶಿವಪುತ್ರ. ಕಾರ್ ಹೊಡೀತಾನ. ಬನಹಟ್ಟ್ಯಾಗ ಒಬ್ಬ ಮುದುಕನ್ನ ಗುದ್ದ್ಯಾನ ಅಂತ ಒಳಗ ಹಾಕ್ಯಾರ. ಗುದ್ದಿಲ್ಲ ಅಂವ."

"ಎಲ್ಲಾ ತಾಯೇರೂ ಹಂಗ ಅಂತಾರ."

ಕೋಲು ನನ್ನ ಗದ್ದದ ಕೆಳಗೆ ಬಂತು.

"ಎಲ್ಲಾ ತಾಯೇರ ಮಕ್ಕಳೂ ಕುರಿ ಮರಿ ಅಡ್ಡ ಬಂದ್ರ ಗಾಡಿ ನಿಲ್ಲಿಸಿ ಎತ್ತಿ ಬಾಜೂ ಇಡ್ತಾರೇನ? ನನ್ನ ಮಗಾ ಇಡ್ತಾನ. ಬಸ್ಸಿನ ಡ್ರೈವರ್ ಆರ್ಡರ್ ಬಂದೈತಿ ಅಂವಗ. ಸೋಮವಾರ ಹಾಜರ ಆಗ್ಬೇಕು. ಕೇಸ್ ಬಿತ್ತಂದ್ರ ಆ ಆರ್ಡರ್ ಒಲಿಗೆ ಹಾಕೂದ! ಏಳ ವರ್ಷ ಕಾದಾನ ಅದಕ್ಕ."

"ನನಗೇನ ಕೊಡ್ತೀರಿ?"

"ಟಗರು. ಹಿಂಡಿನಾಗಿನ ದೊಡ್ಡದು. ತಗೀಲಿಲ್ಲಂದ್ರ ಈ ಕೋಲು."

ವ್ಯವಹಾರ ಮುಗಿಯಿತು.

ಪೊಲೀಸರ ಬಳಿ ಎಲ್ಲ ಕೂಡಿಬಂದಿತ್ತು. ಬಿಳಿ ಕಾರು ಗುದ್ದಿದೆ. ಆ ದಿನ ಶಿವಪುತ್ರ ಜವಳಿ ಕೊಳ್ಳುವವರನ್ನು ಕರೆದುಕೊಂಡು ಬಿಳಿ ಕಾರಿನಲ್ಲಿ ಬನಹಟ್ಟಿಗೆ ಬಂದಿದ್ದ. ನಂಬರ್ ನೋಡಿದೆ ಎಂದು ಹೇಳಲು ಒಬ್ಬ ಸಾಕ್ಷಿಯೂ ಇದ್ದ. ಹೆಸರು ಮಾಳು, ಊರು ಮುಧೋಳ, ಕೆಲಸ ಮೆಕ್ಯಾನಿಕ್. ಮುಧೋಳದ ಮೆಕ್ಯಾನಿಕ್ಕಿಗೆ ಬನಹಟ್ಟಿಯ ಓಣಿಯಲ್ಲಿ ಏನು ಕೆಲಸವಿತ್ತು? ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಅದಕ್ಕೇ ನಾನು ನಾನು!

ಮೊದಲು ಆಸ್ಪತ್ರೆಗೆ ಹೋದೆ. ಗುದ್ದಿಸಿಕೊಂಡವನು ರಾಮಣ್ಣ. ಬನಹಟ್ಟಿಯ ನೇಕಾರ. ಸೊಂಟದ ಎಲುಬು ಮುರಿದು ಜಮಖಂಡಿಯಲ್ಲಿ ಮಲಗಿದ್ದ. ನಲವತ್ತೈದು ವರ್ಷ ಪಾವರ್‌ಲೂಮಿನ ಮಧ್ಯೆ ನಿಂತವನು, ಕಿವಿ ಪೂರ್ತಿ ಮಂದ. ಮಗ್ಗದ ಮನೆಯವರು ಮಾತನ್ನು ತುಟಿಯ ಮೇಲೆ ನೋಡುತ್ತಾರೆ. ಹೆಂಡತಿ ಗುರುಬಾಯಿ ನನ್ನ ಪ್ರಶ್ನೆಯನ್ನು ಬಾಯಿ ಅಗಲಿಸಿ, ಬೆರಳು ಆಡಿಸಿ ಅವನಿಗೆ ದಾಟಿಸುತ್ತಿದ್ದಳು.

"ನಂದ ತಪ್ಪು!" ರಾಮಣ್ಣ ಇಡೀ ವಾರ್ಡಿಗೆ ಕೇಳುವಂತೆ ಕೂಗಿದ. "ನಾ ಮಗ್ಗ ಅಂದ್ಕೊಂಡೆ!"

"ಏನ್ರೀ?"

"ಓಣ್ಯಾಗ ಹೊಂಟಿದ್ದೆ. ಹೆಗಲ ಮ್ಯಾಲ ಕೆಂಪ ನೂಲಿನ ಕಟ್ಟು. ಹಿಂದಿಂದ ಸಪ್ಪಳ ಬಂತು. ಯಾರ್ದೋ ಮಗ್ಗದ ಟೈಮಿಂಗ್ ತಪ್ಪೇತಿ, ನೂಲ ಹರೀತೈತಿ, ಹೇಳಿ ಹೋಗೂಣು ಅಂತ ಆ ಕಡೆ ಹೊಳ್ಳಿದೆ. ಅಲ್ಲಿ ಮಗ್ಗ ಇರ್ಲಿಲ್ಲ... ಕಾರಿನ ಮೂತಿ ಇತ್ತು!"

ಹಾರ್ನ್ ಕೇಳದ ಕಿವಿ. ಹೆಂಡತಿಯ ಕೂಗು ಕೇಳದ ಕಿವಿ. ಆದರೆ ಬಡಿತ ತಪ್ಪಿದ್ದು ಕೇಳಿದೆ! ಬೇರೆ ಊರಿನ ಮುದುಕನಾಗಿದ್ದರೆ ದಾರಿ ಬಿಡುತ್ತಿದ್ದ. ಬನಹಟ್ಟಿಯವನು ರಿಪೇರಿ ಹೇಳಲು ತಿರುಗಿದ.

"ಬಿದ್ದ ಮ್ಯಾಲ?"

"ನಿಂತಿತ್ತು. ನನ್ನ ತಲಿ ಕಡೆ ನಿಂತ ಉಸರ್ ಬಿಡಾಕತ್ತಿತ್ತು. ನೂರಾ ಎಪ್ಪತ್ತ ಹೊಡ್ತ ಎಣಿಸೀನಿ. ಆಮ್ಯಾಲ ಹೊಳ್ಳಿಸ್ಕೊಂಡ ಹೋತು."

ಮುರಿದ ಸೊಂಟ. ಬಾಯಲ್ಲಿ ಮಣ್ಣು. ಮನುಷ್ಯ ಬಡಿತ ಎಣಿಸುತ್ತಿದ್ದಾನೆ!

"ಹ್ಯಾಂಗಿತ್ತು ಹೊಡ್ತ?"

ಅವನು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬೆರಳಿನ ಗಂಟಿನಿಂದ ಬಡಿದ. ಒಂದು... ಎರಡು ಕೂಡಿ... ಖಾಲಿ... ಒಂದು... ಎರಡು ಕೂಡಿ...

ಈ ಕುಂಟು ನನಗೆ ಗೊತ್ತಿತ್ತು.

ಮಗ್ಗದಲ್ಲಿ ನೂಲಿನ ಎಳೆಗಳನ್ನು ಎತ್ತಿ ಇಳಿಸುವುದು ಒಂದು ಮೊಟ್ಟೆಯಾಕಾರದ ಗಾಲಿ. ಕಾರಿನ ಎಂಜಿನ್ನಿನಲ್ಲೂ ಅಂಥ ಮೊಟ್ಟೆಗಳನ್ನು ಪೋಣಿಸಿದ ಒಂದು ಸರಳು ಇರುತ್ತದೆ. ಕ್ಯಾಮ್‌ಶಾಫ್ಟ್. ಎಂಜಿನ್ನಿನ ಬಾಯಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು... ಅದರ ಹುಕುಂ. ಕಂಪನಿಯ ಕ್ಯಾಮ್ ಸಂಸಾರಸ್ಥ. ಉಸಿರು ಬಿಡುವ ಬಾಯಿ ಮುಚ್ಚುವ ಹೊತ್ತಿಗೆ ತಾನೇ ಎಳೆದುಕೊಳ್ಳುವ ಬಾಯಿ ತೆರೆಯುತ್ತದೆ. ರೇಸಿನ ಕ್ಯಾಮ್ ಪುಂಡ. ಅದರ ಮೊಟ್ಟೆ ದಪ್ಪ. ಎರಡೂ ಬಾಯಿಯನ್ನು ಬಹಳ ಹೊತ್ತು ಒಟ್ಟಿಗೆ ತೆರೆದಿಡುತ್ತದೆ. ಓಡುವಾಗ ಅದು ವರ. ಎಂಜಿನ್ ಗಾಳಿಯನ್ನು ಗಟಗಟ ಕುಡಿಯುತ್ತದೆ, ಗಾಡಿ ಗೂಳಿಯಾಗುತ್ತದೆ. ನಿಂತಾಗ? ಸುಟ್ಟ ಹೊಗೆ ಹಿಂದೆ ಬರುತ್ತದೆ, ಹೊಸ ಪೆಟ್ರೋಲ್ ಸುಡದೆ ಹೊರಗೆ ಹೋಗುತ್ತದೆ. ಒಂದು ಸಿಲಿಂಡರ್ ಹೊಡೆದರೆ ಇನ್ನೊಂದು ಬಿಟ್ಟಿತು.

ಐಡ್ಲಿಂಗಿನಲ್ಲಿ ಕುಂಟುತ್ತದೆ. ಲಬ್... ಲಬ್-ಲಬ್...

ನಾಲ್ಕು ತಾಲೂಕಿನಲ್ಲಿ ಅಂಥ ಕ್ಯಾಮ್ ಹಾಕಿಸಿಕೊಂಡ ಗಾಡಿ ಎರಡೇ. ಒಂದು ಕೆಂಪು ಜೀಪು, ಎರಡು ತಿಂಗಳಿನಿಂದ ಎಂಜಿನ್ ಬಿಚ್ಚಿಕೊಂಡು ಬಿದ್ದಿದೆ. ಇನ್ನೊಂದು ರಾಹುಲನದು. ದೊಡ್ಡ ನೂಲಿನ ವ್ಯಾಪಾರಿಯ ಮಗ. ಜಮಖಂಡಿಯ ಕಾಲೇಜು ಗೇಟಿನೆದುರು ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡದೆ ಅರ್ಧ ತಾಸು ಕೂರುತ್ತಿದ್ದ. ಸುಮ್ಮನೆ. ಆ ಕುಂಟು ಸದ್ದು ಹುಡುಗಿಯರ ಕಿವಿಗೆ ಬೀಳಲಿ ಎಂದು!

ಶಿವಪುತ್ರನ ಕಾರಿನದ್ದೇ ಕಂಪನಿ, ಅದೇ ಮಾಡೆಲ್, ಅದೇ ಬಿಳಿ. ಕ್ಯಾಮ್ ಹಾಕಿದವನು ಮಾಳು.

ಬನಹಟ್ಟಿಯ ಕೇಸು ಪಿಎಸ್‌ಐ ಪೂರ್ಣಿಮಾ ಮೇಡಂ ಕೈಯಲ್ಲಿತ್ತು. ನಾನು ಹೇಳಿದ್ದನ್ನು ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ ಪೆನ್ನು ಕೆಳಗಿಟ್ಟರು.

"ಸಪ್ಪಳ ತಗೊಂಡು ಕೋರ್ಟಿಗೆ ಹೋಗ್ಲೇನು? ಪಂಚನಾಮೆದಾಗ ಏನಂತ ಬರೀಲಿ? ಲಬ್ ಲಬ್ ಅಂತ ಬರೀಲಿ?"

"ಮೇಡಂ, ಒಮ್ಮೆ ಆ ಗಾಡಿ ತರಿಸ್ರಿ. ರಾಮಣ್ಣಗ ಕೇಳಸ್ರಿ."

"ಕಿವಿ ಇಲ್ಲದವಗ?"

"ಬಡಿತಕ್ಕ ಐತಿ."

"ಸುಳ್ಳಾದ್ರ ನಿನ್ನನ್ನ ಶಿವಪುತ್ರನ ಬಾಜೂ ಕೂಡಸ್ತೀನಿ. ಖಾಲಿ ಜಾಗಾ ಐತಿ."

ಆದರೂ ನೋಟಿಸ್ ಕೊಟ್ಟರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ರಾಹುಲ ಗಾಡಿ ಹಾಜರುಪಡಿಸಬೇಕು. ನೋಟಿಸ್ ಹೋದದ್ದು ಶುಕ್ರವಾರ ಬೆಳಿಗ್ಗೆ.

ಶುಕ್ರವಾರ ಮಧ್ಯಾಹ್ನ ಗಾಡಿ ಮಾಳುವಿನ ಗ್ಯಾರೇಜಿಗೆ ಬಂತು. ಬಂಪರ್, ಲೈಟು ಮೊದಲೇ ಬದಲಾಗಿದ್ದವು. ಈಗ ಬದಲಾಗಬೇಕಾದದ್ದು ಒಂದೇ. ಪುಂಡ ಕ್ಯಾಮ್ ತೆಗೆದು, ಎತ್ತಿಟ್ಟಿದ್ದ ಕಂಪನಿಯ ಹಳೆ ಕ್ಯಾಮ್ ಕೂರಿಸಿದರೆ ಮುಗಿಯಿತು. ಗಾಡಿ ಹಸುವಿನಂತೆ ಉಸಿರಾಡುತ್ತದೆ. ರಾಮಣ್ಣ ತಲೆಯಾಡಿಸುತ್ತಾನೆ, ಶಿವಪುತ್ರನ ಆರ್ಡರ್ ಒಲೆಗೆ ಹೋಗುತ್ತದೆ.

ಅದಕ್ಕೇ ನಾನು ಒಳಗೆ ನುಗ್ಗಿ ಬೆಂಚಿನ ಮೇಲಿದ್ದ ಹಳೆ ಕ್ಯಾಮ್ ಎತ್ತಿಕೊಂಡದ್ದು. ಹೊಸದು ಬೇಕೆಂದರೆ ಬೆಳಗಾವಿಯಿಂದ ಬರಬೇಕು, ಎರಡು ದಿನ! ಈ ಸರಳು ನನ್ನ ಬಳಿ ಇರುವತನಕ ಅವನ ಗಾಡಿ ಕುಂಟಲೇಬೇಕು.

ಆಮೇಲಿನದು ನಿಮಗೆ ಗೊತ್ತು. ಗೋಡೆ, ನಾಯಿ, ಮೊಣಕಾಲು.

ಈಗ ಬೈಕು!

ಬೀಳಗಿ ರಸ್ತೆ. ಸರಳು ನನ್ನ ಅಂಗಿಯೊಳಗೆ, ಬೆನ್ನಿಗೆ ಕಟ್ಟಿದೆ. ಕನ್ನಡಿಯಲ್ಲಿ ಬಿಳಿ ಚುಕ್ಕೆ. ಚುಕ್ಕೆ ದೊಡ್ಡದಾಯಿತು. ಕಾರಾಯಿತು! ಓಡುವಾಗ ಆ ಎಂಜಿನ್ನಿಗೆ ಸಾಟಿಯಿಲ್ಲ, ಸುಳ್ಳು ಹೇಳುವುದಿಲ್ಲ. ಪಕ್ಕದ ಸೀಟಿನಲ್ಲಿ ಮಾಳು ಕಿಟಕಿಯಿಂದ ಹೊರಬಾಗಿ ಪಾನಾ ಬೀಸುತ್ತಿದ್ದ.

ನಾನು ನೂರಾ ಎಂಬತ್ತರಲ್ಲಿ ಹೋಗುತ್ತಿದ್ದೆ. ನನ್ನ ಬೈಕಿನ ಸ್ಪೀಡೋಮೀಟರ್ ಕೆಟ್ಟು ಆರು ವರ್ಷವಾಗಿದೆ, ಹಾಗಾಗಿ ನೀವು ನಂಬಲೇಬೇಕು.

ಮುಂದೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರಾಲಿ. ಹಾಡು ಆಕಾಶಕ್ಕೆ. ಅದರ ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು! ನಾನು ಕಬ್ಬಿನ ತುದಿಗಳು ಮುಖ ಕೆರೆಯುವಂತೆ ಟ್ರಾಲಿಗೂ ಗಟಾರಕ್ಕೂ ನಡುವೆ ನುಸುಳಿದೆ. ಅಷ್ಟು ಜಾಗದಲ್ಲಿ ಬೆಕ್ಕು ಹೋಗುತ್ತಿರಲಿಲ್ಲ. ಕಾರು ಹಿಂದೆ ಸಿಕ್ಕಿಬಿತ್ತು. ಹಾರ್ನ್... ಹಾರ್ನ್... ಟ್ರ್ಯಾಕ್ಟರಿನವನು ಹಾಡಿನ ವಾಲ್ಯೂಮ್ ಏರಿಸಿದ.

ನನಗೆ ಐದು ನಿಮಿಷ ಸಿಕ್ಕಿತು. ಫೋನನ್ನು ಹೆಲ್ಮೆಟ್ಟಿನೊಳಗೆ ತುರುಕಿದೆ.

"ಯವ್ವಾ! ಕುರಿ ಎಲ್ಲಿ ಅದಾವ್ರಿ?"

"ಹೊಳಿ ದಂಡ್ಯಾಗ. ಯಾಕ?"

"ಹೊಳಿಗೆ ಇಳಿಯೂ ಹಳೇ ರಸ್ತಾಕ್ಕ ಹತ್ತಸ್ರಿ. ಎಲ್ಲಾ! ಅರ್ಧ ತಾಸಿನ್ಯಾಗ ಒಂದ ಬಿಳಿ ಕಾರ್ ಬರ್ತೈತಿ. ಮುದುಕನ್ನ ಗುದ್ದಿದ್ದು ಅದ, ನಿಮ್ಮ ಮಗಂದಲ್ಲ."

ಆ ಕಡೆ ಕೋಲು ನೆಲಕ್ಕೆ ಬಡಿದ ಸದ್ದು.

"ನನ್ನ ಕುರಿ ಸತ್ರ?"

"ಸಾಯಂಗಿಲ್ಲ. ಹಗೂರ್ಕ ನಡಸ್ರಿ. ಅಂವ ಬ್ರೇಕ್ ಹಾಕ್ಬೇಕು. ಬಿಡಬೇಕು. ಹಾಕ್ಬೇಕು. ಗುಡ್ಡದ ತಲೀತನಕ ಹಂಗ ಮಾಡಸ್ರಿ. ಆಮ್ಯಾಲ ದಾರಿ ಬಿಡ್ರಿ."

"ಒಂದ ಮರಿ ಸತ್ರೂ ನಿನ್ನ ಚರ್ಮಾ ಸುಲಿತೀನಿ."

"ಆತ್ರಿ ಯವ್ವಾ."

ಎರಡನೆಯ ಫೋನು ಪೂರ್ಣಿಮಾ ಮೇಡಂಗೆ. ಅನಗವಾಡಿಗೆ ಬರ್ರಿ ಎಂದೆ. ಸ್ಟೇಷನ್ ನಿನ್ನ ಅಪ್ಪಂದೇನು ಎಂದರು. ಆದರೆ ಹಿಂದಿನಿಂದ ಜೀಪು ಸ್ಟಾರ್ಟ್ ಆದ ಸದ್ದು ನನ್ನ ಕಿವಿಗೆ ತಪ್ಪಲಿಲ್ಲ.

ಬೀಳಗಿ ದಾಟಿದೆ. ಕನ್ನಡಿಯಲ್ಲಿ ಮತ್ತೆ ಚುಕ್ಕೆ. ಈ ಸಲ ಚುಕ್ಕೆಗೆ ತಾಳ್ಮೆ ಇರಲಿಲ್ಲ. ಅನಗವಾಡಿಯ ತಿರುವಿನಲ್ಲಿ ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ಮುತ್ತಿಟ್ಟಿತು. ಖಣ್! ಬೈಕು ಹಾವಾಯಿತು. ನಾನು ಹಳೆ ರಸ್ತೆಗೆ ಹೊರಳಿಸಿದೆ. ಕಾರೂ ಹೊರಳಿತು.

ಎದುರಿಗೆ ಕುರಿ.

ಎರಡು ಸಾವಿರ ಕುರಿ! ಹೊಳೆವ್ವ ಇನ್ನೂರು ಎನ್ನುತ್ತಾಳೆ, ಅವಳಿಗೆ ತನ್ನ ಹಿಂಡಿನ ಗೌರವ ಗೊತ್ತಿಲ್ಲ. ಬೈಕಿಗೆ ಒಂದು ಓಣಿ ಬಿಟ್ಟು ಹಿಂಡು ಹಿಂದಿನಿಂದ ಮುಚ್ಚಿಕೊಂಡಿತು. ನಾನು ಇಳಿಜಾರಿನ ತಳಕ್ಕೆ ಹೋಗಿ ಬೈಕು ನಿಲ್ಲಿಸಿ ತಿರುಗಿ ನಿಂತೆ.

ಮೇಲೆ ಹೊಳೆವ್ವ ಹಿಂಡಿನ ಹಿಂದೆ, ಕಾರಿನ ಮುಂದೆ, ಮದುವೆ ಮೆರವಣಿಗೆಯಂತೆ ನಡೆಯುತ್ತಿದ್ದಳು.

"ಏ ಮುದುಕಿ! ಸರೀ ಬಾಜೂ!"

"ಕುರಿಗೆ ಹೇಳಪಾ. ನನ್ನ ಮಾತ ಕೇಳಂಗಿಲ್ಲ ಅವು."

ಒಂದು ಮಾರು ಮುಂದೆ. ಬ್ರೇಕ್. ಲಬ್... ಲಬ್-ಲಬ್... ಎರಡು ಮಾರು. ಬ್ರೇಕ್. ಕುರಿಮರಿಯೊಂದು ಅಡ್ಡ. ಬ್ರೇಕ್!

ನಾನು ಎಣಿಸುತ್ತಿದ್ದೆ.

ಕಾರು ನಿಮ್ಮ ಕಾಲಿನ ಬಲದಿಂದ ನಿಲ್ಲುತ್ತದೆ ಅಂದುಕೊಂಡಿದ್ದೀರಾ? ಬ್ರೇಕಿನ ಹಿಂದೆ ಒಂದು ದುಂಡನೆಯ ಡಬ್ಬಿ ಇದೆ. ಎಂಜಿನ್ ಗಾಳಿ ಎಳೆದುಕೊಳ್ಳುತ್ತದಲ್ಲ, ಆ ಎಳೆತವನ್ನು ಅದು ಕೂಡಿಟ್ಟುಕೊಳ್ಳುತ್ತದೆ. ನೀವು ಪೆಡಲ್ ಮುಟ್ಟಿದರೆ ಮಿಕ್ಕ ಬಲ ಅದರದು. ಪುಂಡ ಕ್ಯಾಮಿನ ಎಂಜಿನ್ನಿಗೆ ಐಡ್ಲಿಂಗಿನಲ್ಲಿ ಎಳೆತವೇ ಬಡ. ಎರಡೂ ಬಾಯಿ ತೆರೆದುಕೊಂಡು ಎಳೆಯುವುದೇನು? ಒಂದು ಬ್ರೇಕಿಗೆ ಡಬ್ಬಿ ಅರ್ಧವಾಯಿತು. ನಾಲ್ಕಕ್ಕೆ ತಳ ಕಂಡಿತು. ಆರಕ್ಕೆ...

ರಾಹುಲ ಹನ್ನೊಂದು ಸಲ ಒತ್ತಿದ.

ಇಳಿಜಾರಿನ ತಲೆ. ಹೊಳೆವ್ವ ನಾಲಿಗೆಯಿಂದ ಒಂದು ಸದ್ದು ಮಾಡಿದಳು. ಹಿಂಡು ನೀರು ಸೀಳಿದಂತೆ ಎರಡು ಭಾಗವಾಗಿ ಬದಿಗೆ ಸರಿಯಿತು. ದಾರಿ ಖಾಲಿ. ದಾರಿಯ ತಳದಲ್ಲಿ ನಾನು. ನನ್ನ ಹಿಂದೆ ಹೊಳೆ. ನೀರು ಹಿಂದೆ ಸರಿದು ಬಿಟ್ಟುಹೋದ ಕರಿ ರಾಡಿ.

ನಾನು ಪೇಪರ್ ಬಿಚ್ಚಿ ಸರಳನ್ನು ತಲೆಯ ಮೇಲೆ ಎತ್ತಿ ಹಿಡಿದೆ.

"ಬಾರಲೇ! ತಗೋ ಬಾ!"

ಬಂದ! ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಬಂದ. ಎಂಜಿನ್ ಕಿರುಚಿತು. ಐವತ್ತು ಅಡಿ... ಮೂವತ್ತು... ಗಾಜಿನ ಹಿಂದೆ ಅವನ ನಗು ಕಾಣಿಸಿತು. ಹದಿನೈದು!

ನಾನು ಬದಿಗೆ ಹಾರಿದೆ.

ಆಗ ಅವನು ಹೊಳೆ ನೋಡಿದ. ಕ್ಲಚ್ ತುಳಿದು ಬ್ರೇಕ್ ತುಳಿದ.

ಪೆಡಲ್ ಕಲ್ಲಾಗಿತ್ತು.

ಎರಡು ಕಾಲು ಇಟ್ಟು ತುಳಿದಿದ್ದರೆ ನಿಲ್ಲುತ್ತಿತ್ತೇನೋ. ಅವನಿಗೆ ಅಷ್ಟು ಹೊತ್ತು ಇರಲಿಲ್ಲ. ಧಪ್! ಮೂತಿ ರಾಡಿಯೊಳಗೆ, ಬಾಲ ಆಕಾಶಕ್ಕೆ. ಮಾಳುವಿನ ಪಾನಾ ಕಿಟಕಿಯಿಂದ ಹಾರಿ ಹೊಳೆಗೆ ಬಿತ್ತು.

ರಾಹುಲ ಬಾಗಿಲು ಒದ್ದು ಹೊರಬಂದ. ಮೊಣಕಾಲುದ್ದ ರಾಡಿ. ಕೈಯಲ್ಲಿ ಜಾಕಿನ ಸರಳು.

"ಇವತ್ತ ನಿನ್ನ ಇಲ್ಲೇ ಹೂಳ್ತೀನಲೇ, ಭೀಮಶಿ!"

ನಾನು ತೋಳು ಏರಿಸಿದೆ. ಅಷ್ಟರಲ್ಲಿ ಏನೋ ಕಪ್ಪಾದದ್ದು ನನ್ನ ಪಕ್ಕದಿಂದ ಬಾಣದಂತೆ ಹೋಯಿತು. ಡೊಂಕು ಕೊಂಬು. ಹೊಳೆವ್ವನ ದೊಡ್ಡ ಟಗರು! ರಾಹುಲನ ಸೊಂಟಕ್ಕೆ ಒಂದೇ ಡಿಕ್ಕಿ. ಅವನು ರಾಡಿಯಲ್ಲಿ ಮುಖವಿಟ್ಟು ಮಲಗಿದ. ಎದ್ದ. ಇನ್ನೊಂದು ಡಿಕ್ಕಿ. ಮತ್ತೆ ಏಳಲಿಲ್ಲ.

ಮಾಳು ಕಾರಿನ ಬಾಲದ ಮೇಲೆ ಹತ್ತಿ ಕೂತು ಎರಡೂ ಕೈ ಎತ್ತಿದ.

"ನಾ ಬರೇ ಮೆಕ್ಯಾನಿಕ್ ರೀ! ನಂಬರ್ ನೋಡಿದ್ದು ಸುಳ್ಳ್ರಿ! ಇಂವ ಹೇಳಂದ, ಹೇಳಿದೆ!"

"ಮೇಡಂ ಮುಂದ ಹೇಳು."

ಮೇಡಂ ಇಳಿಜಾರಿನ ಮೇಲೆ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಕುರಿಗಳು ಅವರ ಜೀಪನ್ನೂ ಬಿಟ್ಟಿರಲಿಲ್ಲ.

"ಕೇಳಿಸ್ತು," ಎಂದರು. "ಆದ್ರ ನಾಳೆ ಮಾತ ಬದಲಸ್ತಾನ ಇಂವ. ನನಗ ನಿನ್ನ ಮುದುಕ ಬೇಕು."

ಶನಿವಾರ ಬೆಳಿಗ್ಗೆ ಹತ್ತು. ಆಸ್ಪತ್ರೆಯ ಕಾಂಪೌಂಡು. ಕಿಟಕಿಗೆ ಬೆಡ್‌ಶೀಟ್ ಕಟ್ಟಿಸಿದ್ದರು ಮೇಡಂ. ಅದರಾಚೆ ಅದೇ ಮಾಡೆಲಿನ ಮೂರು ಬಿಳಿ ಕಾರು, ಒಂದು ರಾತ್ರಿಯೇ ಟ್ರ್ಯಾಕ್ಟರ್ ಕಟ್ಟಿ ರಾಡಿಯಿಂದ ಎಳೆಸಿದ್ದು. ಈಚೆ ಮಂಚದ ಮೇಲೆ ರಾಮಣ್ಣ. ಬಾಗಿಲಲ್ಲಿ ಬೇಡಿ ಹಾಕಿಕೊಂಡ ಶಿವಪುತ್ರ, ಅವನ ಹಿಂದೆ ಕೋಲು ಹಿಡಿದ ಹೊಳೆವ್ವ. ಕೋಲು ಹೊರಗಿಡಲು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗುರುಬಾಯಿ ಗಂಡನ ಹೆಸರು ಕರೆದಳು. ಅವನಿಗೆ ಕೇಳಿಸಲಿಲ್ಲ. ಮೇಡಂ ನನ್ನ ಕಡೆ ನೋಡಿದರು. ಖಾಲಿ ಜಾಗ ಐತಿ ಎಂಬ ನೋಟ.

ನನಗೆ ಬೆವರು ಬಂತು. ಇದು ನಾನು ಉತ್ಪ್ರೇಕ್ಷೆ ಮಾಡದೆ ಹೇಳುತ್ತಿರುವ ಒಂದೇ ಮಾತು.

ಮೊದಲ ಕಾರು ಚಾಲೂ ಆಯಿತು. ಶಿವಪುತ್ರನದು. ರಾಮಣ್ಣನ ಕೈ ಮಂಚದ ಪಟ್ಟಿಯ ಮೇಲೆ ಸುಮ್ಮನಿತ್ತು.

ಎರಡನೆಯದು. ಕೈ ಅಲುಗಲಿಲ್ಲ. "ಚಾಲೂ ಮಾಡ್ರಿ ಮತ್ತ!" ಎಂದು ಕೂಗಿದ. ಚಾಲೂ ಆಗಿದ್ದದ್ದೇ ಅವನಿಗೆ ಗೊತ್ತಿರಲಿಲ್ಲ!

ಮೇಡಂ ನಿಟ್ಟುಸಿರು ಬಿಟ್ಟರು. ಶಿವಪುತ್ರ ತಲೆ ಬಗ್ಗಿಸಿದ.

ಮೂರನೆಯದು.

ಲಬ್...

ಪಟ್ಟಿಯ ಮೇಲಿನ ಬೆರಳು ಅಲುಗಿತು.

ಲಬ್-ಲಬ್...

ರಾಮಣ್ಣ ಕಣ್ಣು ಮುಚ್ಚಿದ. ಬೆರಳಿನ ಗಂಟು ಬಡಿಯತೊಡಗಿತು. ಒಂದು... ಎರಡು ಕೂಡಿ... ಖಾಲಿ... ಹೊರಗಿನ ಎಂಜಿನ್ನೂ ಒಳಗಿನ ಬೆರಳೂ ಒಂದೇ ಮಗ್ಗದ ಎರಡು ತುದಿಯಂತೆ ಹೊಡೆದುಕೊಂಡವು. ಅವನ ಹಣೆ ಒದ್ದೆಯಾಯಿತು. ಇನ್ನೊಂದು ಕೈ ತಾನೇ ತಾನಾಗಿ ಸೊಂಟ ಹಿಡಿದುಕೊಂಡಿತು.

"ಬಂದ್ ಮಾಡ್ರಿ," ಎಂದ. ಈ ಸಲ ಕೂಗಲಿಲ್ಲ. "ಅದ ಅದು. ಬಂದ್ ಮಾಡ್ರಿ ಅದನ್ನ."

ಮೇಡಂ ಹೊರಗೆ ಹೋದರು. ಗಾಡಿಯನ್ನು ಜಾಕ್ ಹಾಕಿ ಎತ್ತಿಸಿದರು. ಖಾಕಿ ಬಟ್ಟೆಯಲ್ಲೇ ಕೆಳಗೆ ಮಲಗಿ ಟಾರ್ಚ್ ಬಿಟ್ಟರು. ಐದು ನಿಮಿಷದ ನಂತರ ಹೊರಬಂದಾಗ ಕೈಯಲ್ಲಿ ಎಣ್ಣೆ, ರಾಡಿ ಮೆತ್ತಿಕೊಂಡ ಒಂದು ಉಂಡೆ. ಮುಂದಿನ ಚಕ್ರ ತಿರುಗಿಸುವ ದಂಡಕ್ಕೆ ಸುತ್ತಿಕೊಂಡಿತ್ತಂತೆ. ಬಂಪರ್ ಬದಲಿಸಿದವರು, ಲೈಟು ಬದಲಿಸಿದವರು ಅಲ್ಲಿ ಬಗ್ಗಿ ನೋಡಿರಲಿಲ್ಲ.

ಗುರುಬಾಯಿ ಅದನ್ನು ಬೆರಳಿನಲ್ಲಿ ಉಜ್ಜಿದಳು. ರಾಡಿ ಹೋಯಿತು. ಕೆಂಪು ನೂಲು ಬಂತು.

"ನಾನ ಬಣ್ಣಾ ಹಾಕಿದ್ದ್ರಿ ಇದು," ಎಂದಳು.

ಸಂಜೆಯೊಳಗೆ ಶಿವಪುತ್ರ ಹೊರಬಂದ. ಸೋಮವಾರ ಡಿಪೋದಲ್ಲಿ ಹಾಜರಾದ. ಮೇಡಂ ನನಗೆ ಧನ್ಯವಾದ ಹೇಳಲಿಲ್ಲ. ಮೋಟಾರ್ ಬೈಕಿಗೆ ಸ್ಪೀಡೋಮೀಟರ್ ಇಲ್ಲದ್ದಕ್ಕೆ ಚಲನ್ ಕೊಟ್ಟರು.

ಹೊಳೆವ್ವನ ಬಳಿ ಹೋದೆ.

"ಯವ್ವಾ, ಟಗರು?"

"ಯಾವ ಟಗರು? ಅಂವನ್ನ ಕೆಡವಿದ್ದು ಯಾರು? ಟಗರು. ದಾರಿ ಕಟ್ಟಿದ್ದು ಯಾರು? ಕುರಿ. ಕಾರ್ ಗುರ್ತ ಹಿಡಿದದ್ದು ಯಾರು? ಮುದುಕ. ನೀ ಏನ ಮಾಡಿದಿ?"

ಆ ಕೋಲಿನೆದುರು ನಾನು ವಾದ ಮಾಡುವುದಿಲ್ಲ. ಜಗತ್ತಿನಲ್ಲಿ ನಾನು ಹೆದರುವ ವಸ್ತು ಅದೊಂದೇ. ನಾಯಿ ಬಿಟ್ಟರೆ.

ಆ ಶನಿವಾರ ಸಂಜೆ ಸ್ಟೇಷನ್ನಿನಿಂದ ಹೊರಡುವ ಮುನ್ನ ಲಾಕಪ್ಪಿನ ಹತ್ತಿರ ನಿಂತಿದ್ದೆ. ರಾಹುಲ ಸರಳು ಹಿಡಿದುಕೊಂಡು ಹಲ್ಲು ಕಡಿದ. ಕಿವಿಯಲ್ಲಿ ಇನ್ನೂ ರಾಡಿ ಇತ್ತು.

"ಹೊರಗ ಬಂದಿಂದ ನಿನ್ನ ಬಿಡಂಗಿಲ್ಲಲೇ. ಒಬ್ಬರೂ ನೋಡಿರ್ಲಿಲ್ಲ ನನ್ನ. ಒಬ್ಬರೂ! ಯಾರ್ ಹೇಳಿದ್ರು ನಿನಗ? ಹೆಸರ ಹೇಳು."

"ನಿನ್ನ ಕಾರು. ಮಂದಿ ಕೇಳ್ಲಿ ಅಂತ ರೊಕ್ಕ ಕೊಟ್ಟ ಮಾತ ಕಲಿಸಿದ್ದಿಯಲ್ಲಾ? ಕೇಳಿದ್ರು."